ಮಧ್ಯಾಹ್ನ ಎರಡಕ್ಕೆ ಯಾವ ರಾಗ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲದ ವಿಷಯ: ಹಗಲು ಹೊತ್ತಿನ ರೇಡಿಯೊದಲ್ಲಿ ಶಾಸ್ತ್ರೀಯ ಸಂಗೀತ.

ಪ್ರಶ್ನೆ: ನಮ್ಮದು ಸಮುದಾಯ ರೇಡಿಯೊ. ದಿನಾ ಮಧ್ಯಾಹ್ನ 2ರಿಂದ 3ರವರೆಗೆ ಶಾಸ್ತ್ರೀಯ ಸಂಗೀತ ಹಾಕುವುದೆಂದು ತೀರ್ಮಾನವಾಗಿದೆ. ಕೇಳುಗರಲ್ಲಿ ಹೊಲಿಗೆ ಕೆಲಸದವರು, ಅಂಗಡಿಯವರು, ಮನೆಯಲ್ಲಿರುವ ಹಿರಿಯರು ಹೆಚ್ಚು. ಒಂದು ಗಂಟೆಯನ್ನು ಹೇಗೆ ಹೊಂದಿಸಬೇಕು? (ತುಮಕೂರು ಜಿಲ್ಲೆಯ ಒಬ್ಬ ಕಾರ್ಯಕ್ರಮ ನಿರ್ವಾಹಕಿ)

ಉತ್ತರ: ಮೊದಲು ಗಂಟೆಯ ಲೆಕ್ಕ ಹಾಕಿ, ರಾಗದ ಲೆಕ್ಕ ಆಮೇಲೆ. 60 ನಿಮಿಷದಲ್ಲಿ ನಿಲಯದ ಹೆಸರು, ಸಮಯಕ್ಕೆ 1 ನಿಮಿಷ, ಉದ್ಘೋಷಣೆಗೆ ಒಟ್ಟು 5, ಸ್ಥಳೀಯ ಪ್ರಕಟಣೆಗೆ 3, ಹಿಂದುಮುಂದಾದರೆ ಇರಲೆಂದು 1. ಉಳಿದದ್ದು 50. ಹಾಡುಗಳನ್ನು ಆರಿಸಿ ಆದ ಮೇಲೆ ಕೂಡಿಸಲು ಕೂತರೆ ಕೊನೆಯ ಹಾಡಿನ ಕತ್ತು ಕುಯ್ಯುವುದೇ ಆಗುತ್ತದೆ. ರೇಡಿಯೊದಲ್ಲಿ ದಿನವೂ ಕೇಳುವ ತಪ್ಪು ಇದೇ.

ಆ 50 ನಿಮಿಷಕ್ಕೆ ಒಂದು ಮಾದರಿ ಹೀಗಿರಬಹುದು. ಕೊಳಲು ಅಥವಾ ವೀಣೆಯಲ್ಲಿ ಮಧ್ಯಮಕಾಲದ ಒಂದು ಕೃತಿ, 6 ನಿಮಿಷ. ಅದರ ಹಿಂದೆ ತ್ಯಾಗರಾಜರ 'ಎಂದರೋ ಮಹಾನುಭಾವುಲು', 9 ನಿಮಿಷ. ಅದು ಶ್ರೀರಾಗ, ಕರ್ನಾಟಕ ಪದ್ಧತಿಯಲ್ಲಿ ಶ್ರೀರಾಗಕ್ಕೆ ಹೇಳುವ ಹೊತ್ತೂ ಮಧ್ಯಾಹ್ನವೇ. ಆಮೇಲೆ ಪುರಂದರದಾಸರ 'ಜಗದೋದ್ಧಾರನ', ಕಾಪಿಯಲ್ಲಿ, 6 ನಿಮಿಷ. ಇಲ್ಲಿಗೆ ಕಿವಿ ಹದಕ್ಕೆ ಬಂದಿರುತ್ತದೆ. ಆಗ ದಿನದ ದೊಡ್ಡ ಬಾಬತ್ತು: ಬೃಂದಾವನಿ ಸಾರಂಗ ಅಥವಾ ಗೌಡ ಸಾರಂಗದ ಖಯಾಲ್ (ಹಿಂದುಸ್ತಾನಿ ಗಾಯನದ ಮುಖ್ಯ ಪ್ರಕಾರ), ವಿಲಂಬಿತ (ನಿಧಾನ), ದ್ರುತ (ವೇಗ) ಸೇರಿ 18 ನಿಮಿಷ. ಅದಾದ ಮೇಲೆ ಮಲ್ಲಿಕಾರ್ಜುನ ಮನಸೂರರ ಕಂಠದಲ್ಲಿ ಒಂದು ವಚನ, 6. ಮುಕ್ತಾಯಕ್ಕೆ ಮಧ್ಯಮಾವತಿಯಲ್ಲಿ ಚಿಕ್ಕ ಕೃತಿ, 5. ಕೂಡಿಸಿ ನೋಡಿ, ಸರಿಯಾಗಿ 50.

ಈ ಕ್ರಮಕ್ಕೆ ಕಾರಣವಿದೆ. ಕಛೇರಿಗೆ ಬಂದವರು ಮೊದಲಿಂದ ಕೂತಿರುತ್ತಾರೆ. ಹಗಲಿನ ರೇಡಿಯೊ ಕೇಳುಗರು 2.17ಕ್ಕೆ ಬರುತ್ತಾರೆ, ಗಿರಾಕಿ ಬಂದರೆ 2.25ಕ್ಕೆ ಎದ್ದು ಹೋಗುತ್ತಾರೆ, ಮತ್ತೆ ಬರುತ್ತಾರೆ. ಹಾಗಾಗಿ ಒಂದು ಗಂಟೆಯಲ್ಲಿ 10 ನಿಮಿಷ ದಾಟುವ ಬಾಬತ್ತು ಒಂದೇ ಇರಲಿ, ಅದೂ ನಡುವೆ ಇರಲಿ. ಶುರುವಿನಲ್ಲೇ ಗಾಯಕರ ನಿಧಾನದ ಆಲಾಪ ಇಟ್ಟರೆ, ಮಿಕ್ಸಿ ತಿರುಗುತ್ತಿರುವ ಅಡುಗೆಮನೆಯಲ್ಲಿ ಮೊದಲ ಒಂದು ನಿಮಿಷ ರೇಡಿಯೊ ಕೆಟ್ಟಿದೆ ಅಂತಲೇ ಅಂದುಕೊಳ್ಳುತ್ತಾರೆ. ಯಾವ ಧ್ವನಿಮುದ್ರಣವನ್ನೇ ಆರಿಸಿ, ಅದರ ಮೊದಲ 20 ಸೆಕೆಂಡನ್ನು ಮೊಬೈಲಿನ ಸ್ಪೀಕರಿನಲ್ಲಿ, ಪಕ್ಕದಲ್ಲಿ ಫ್ಯಾನ್ ಜೋರಾಗಿ ತಿರುಗುವಾಗ ಕೇಳಿ. ರುದ್ರವೀಣೆ, ಸುರಬಹಾರ್ ಈ ಪರೀಕ್ಷೆಯಲ್ಲಿ ಸೋಲುತ್ತವೆ. ಮೃದಂಗದ ಎಡಭಾಗದ ಗುಮ್ಮು ಪುಟ್ಟ ಸ್ಪೀಕರಿನಲ್ಲಿ ಇರುವುದೇ ಇಲ್ಲ. ಕೊಳಲು, ಶಹನಾಯಿ, ಪಿಟೀಲು, ಹೆಣ್ಣುಧ್ವನಿ ಗೆಲ್ಲುತ್ತವೆ. ದೊಡ್ಡವರ ದೊಡ್ಡ ಆಲಾಪ ಬೇಡವೆಂದಲ್ಲ, ಅದಕ್ಕೆ ರಾತ್ರಿಯ ವೇಳೆ ಇದೆ.

ಆಯಾ ಬಾಬತ್ತಿನ ಸಹಜ ಉದ್ದ ಗೊತ್ತಿದ್ದರೆ ಹುಡುಕುವುದು ಸುಲಭ. ವರ್ಣ 4ರಿಂದ 8 ನಿಮಿಷ, ಬರೀ ಕೃತಿ 5ರಿಂದ 9, ಆಲಾಪನೆ, ಸ್ವರ ಸೇರಿದ ಕೃತಿ 15ರಿಂದ 25, ದೇವರನಾಮ 4ರಿಂದ 7, ತಿಲ್ಲಾನ 4ರಿಂದ 6, ಛೋಟಾ ಖಯಾಲ್ 5ರಿಂದ 10. ಬಲು ದೀರ್ಘವಾದ ರಾಗ-ತಾನ-ಪಲ್ಲವಿಯನ್ನು ಈ ಗಂಟೆಗೆ ತರಲೇಬೇಡಿ.

ಪ್ರಶ್ನೆ: ಬೆಳಿಗ್ಗೆ 11ಕ್ಕೆ ಮಾಲಕಂಸ ಹಾಕಿದ್ದಕ್ಕೆ ಕೇಳುಗರೊಬ್ಬರು ಸಿಟ್ಟಾಗಿ ಪತ್ರ ಬರೆದಿದ್ದಾರೆ. ಮರುದಿನ ಅದೇ ಹೊತ್ತಿಗೆ ಕರ್ನಾಟಕ ಸಂಗೀತದ ಹಿಂದೋಳ ಹಾಕಿದೆವು, ಯಾರೂ ಏನೂ ಅನ್ನಲಿಲ್ಲ. ಎರಡೂ ಒಂದೇ ಸ್ವರಗಳಲ್ಲವೇ? (ಹುಬ್ಬಳ್ಳಿ)

ಉತ್ತರ: ಸ್ವರ ಒಂದೇ, ಸಂಪ್ರದಾಯ ಬೇರೆ. ಹಿಂದುಸ್ತಾನಿಯಲ್ಲಿ ಮಾಲಕಂಸ ರಾತ್ರಿಯ ಮೂರನೇ ಪ್ರಹರದ್ದು (ರಾತ್ರಿ 12ರಿಂದ 3). ಧಾರವಾಡ, ಹುಬ್ಬಳ್ಳಿ ಕಡೆಯ ಕಿವಿಗೆ ಅದು ಹಗಲಲ್ಲಿ ಬಿದ್ದರೆ ಊಟದ ಹೊತ್ತಿಗೆ ಜೋಗುಳ ಹಾಡಿದ ಹಾಗೆ. ಕರ್ನಾಟಕ ಪದ್ಧತಿಯಲ್ಲೂ ರಾಗಗಳಿಗೆ ವೇಳೆ ಹೇಳಿದ್ದಾರೆ: ಭೂಪಾಳ, ಬೌಳಿ, ಮಲಯಮಾರುತ ಬೆಳಗಿಗೆ, ಬಿಲಹರಿ ಅದರ ಬೆನ್ನಿಗೆ, ನೀಲಾಂಬರಿ ರಾತ್ರಿಗೆ. ಆದರೆ ಕಛೇರಿಯಲ್ಲಿ ಅದನ್ನು ಬಿಗಿಯಾಗಿ ಹಿಡಿಯುವ ರೂಢಿ ಇಲ್ಲ. ಸಂಜೆ ಕಛೇರಿಯಲ್ಲಿ ಬಿಲಹರಿ ಹಾಡಿದರೆ ಯಾರೂ ಹುಬ್ಬು ಏರಿಸುವುದಿಲ್ಲ.

ಹಿಂದುಸ್ತಾನಿ ಬಾಬತ್ತಿಗೆ ಸಮಯವನ್ನು ಪಾಲಿಸಿ. ಭಕ್ತಿಯಿಂದ ಹೇಳುವ ಮಾತಲ್ಲ, ಲಾಭದ ಮಾತು. ಸಭೆಗಳೆಲ್ಲ ಸಂಜೆ ಆರರ ಮೇಲೆ ಶುರುವಾಗುತ್ತವೆ. ಯಮನ್, ಪೂರಿಯಾ, ಬಾಗೇಶ್ರೀ, ಮಾಲಕಂಸ ವರ್ಷಪೂರ್ತಿ ವೇದಿಕೆಯಲ್ಲೇ ಸಿಗುತ್ತವೆ. ಜೌನಪುರಿ, ಗೌಡ ಸಾರಂಗ, ಶುದ್ಧ ಸಾರಂಗ, ಪಟದೀಪ, ಮುಲ್ತಾನಿಗಳಿಗೆ ವೇದಿಕೆ ಎಲ್ಲಿದೆ? ಅವುಗಳ ಮನೆ ಹಗಲಿನ ರೇಡಿಯೊ. ಇಡೀ ಹಗಲು ಕೈಯಲ್ಲಿದ್ದು ಅಲ್ಲೂ ಯಮನ್ ಹಾಕುವುದು, ಮಾವಿನ ಕಾಲದಲ್ಲಿ ಡಬ್ಬಿಯ ರಸ ಕೊಟ್ಟ ಹಾಗೆ.

ಸ್ಥೂಲವಾಗಿ ನೆನಪಿಡಬೇಕಾದದ್ದು ಇಷ್ಟು. 6ರಿಂದ 9 ಭೈರವ, ರಾಮಕಲಿ, ದೇಶಕಾರ. 9ರಿಂದ 12 ತೋಡಿ, ಜೌನಪುರಿ, ಅಲ್ಹೈಯಾ ಬಿಲಾವಲ್. 12ರಿಂದ 3 ಸಾರಂಗದ ಕುಟುಂಬ. 3ರ ನಂತರ ಭೀಮಪಲಾಸ, ಪಟದೀಪ, ಮುಲ್ತಾನಿ. ಮಾರವಾ, ಶ್ರೀ, ಪೂರಿಯಾ ಧನಾಶ್ರೀ ಹೊತ್ತು ಮುಳುಗುವಾಗ. ಸಂಗೀತಶಾಸ್ತ್ರಜ್ಞ ಭಾತಖಂಡೆಯವರ ಸೂತ್ರ ಗೊತ್ತಿದ್ದರೆ ಸಂದೇಹ ಬಂದಾಗ ಕೈಹಿಡಿಯುತ್ತದೆ. ವಾದಿ, ಅಂದರೆ ರಾಗದ ಮುಖ್ಯ ಸ್ವರ, ಸಪ್ತಕದ ಕೆಳಗಿನ ಅರ್ಧದಲ್ಲಿದ್ದರೆ ಆ ರಾಗ ಹಗಲು 12ರಿಂದ ರಾತ್ರಿ 12ರ ನಡುವಿನದು, ಮೇಲಿನ ಅರ್ಧದಲ್ಲಿದ್ದರೆ ರಾತ್ರಿ 12ರಿಂದ ಹಗಲು 12ರ ನಡುವಿನದು. ಭೂಪ, ದೇಶಕಾರ ಎರಡಕ್ಕೂ ಅವೇ ಐದು ಸ್ವರ. ಭೂಪದ ವಾದಿ ಗಾಂಧಾರ, ಅದು ರಾತ್ರಿಯ ಮೊದಲ ಪ್ರಹರಕ್ಕೆ. ದೇಶಕಾರದ ವಾದಿ ಧೈವತ, ಅದು ಬೆಳಿಗ್ಗೆಗೆ. ಸೂತ್ರಕ್ಕೆ ಅಪವಾದಗಳೂ ಉಂಟು, ರೂಢಿಯೇ ಕೊನೆಯ ಮಾತು.

ಹೆಸರು ನೋಡಿ ಮೋಸಹೋಗಬೇಡಿ. ಕರ್ನಾಟಕದ ಶ್ರೀರಾಗ ಮಧ್ಯಾಹ್ನದ್ದು. ಹಿಂದುಸ್ತಾನಿ ಶ್ರೀ ಸೂರ್ಯಾಸ್ತದ್ದು, ರಾಗವೇ ಬೇರೆ. ಕರ್ನಾಟಕದ ತೋಡಿಯ ಸ್ವರಗಳು ಹಿಂದುಸ್ತಾನಿ ಭೈರವಿಯವು. ಹಿಂದುಸ್ತಾನಿ ತೋಡಿ ಇಲ್ಲಿ ಶುಭಪಂತುವರಾಳಿ. ಹಿಂದುಸ್ತಾನಿಯ ಹಿಂದೋಲಕ್ಕೂ ನಮ್ಮ ಹಿಂದೋಳಕ್ಕೂ ಹೆಸರಿನ ನಂಟು ಮಾತ್ರ. ಎರಡೂ ಪದ್ಧತಿ ಒಪ್ಪುವ ಜೋಡಿಯೂ ಒಂದಿದೆ: ಮಧ್ಯಮಾವತಿ ಮತ್ತು ಮಧಮಾದ ಸಾರಂಗ. ಅವೇ ಸ್ವರ, ಅದೇ ನಡುಹಗಲು. ವಾರಕ್ಕೊಮ್ಮೆ 12ರ ಮೇಲೆ ಒಂದರ ಹಿಂದೆ ಒಂದು ಹಾಕಿ ನೋಡಿ. ಪತ್ರ ಬರೆದ ಆ ಮಹನೀಯರು ಮೆಚ್ಚುಗೆಗೂ ಒಂದು ಪತ್ರ ಬರೆದಾರು.

ಪ್ರಶ್ನೆ: ಎರಡು ಹಾಡುಗಳೂ ಶ್ರುತಿಶುದ್ಧ. ಒಂದರ ಹಿಂದೆ ಒಂದು ಹಾಕಿದರೆ ಎರಡನೆಯದು ಅಪಶ್ರುತಿ ಅನ್ನಿಸುತ್ತದೆ. ಏಕೆ? (ಉಡುಪಿ)

ಉತ್ತರ: ಮೊದಲನೆಯದರ ಷಡ್ಜ (ಆಧಾರ ಸ್ವರ 'ಸ') ಕಿವಿಯಲ್ಲಿ ಇನ್ನೂ ನಿಂತಿರುತ್ತದೆ. ಶ್ರುತಿಯನ್ನು ಹಾರ್ಮೋನಿಯಂ ಮನೆಗಳ ಎಣಿಕೆಯಲ್ಲಿ ಹೇಳುತ್ತಾರೆ: ಒಂದು ಅಂದರೆ ಸಿ, ಒಂದೂವರೆ ಅಂದರೆ ಅದರ ಮುಂದಿನ ಕಪ್ಪು ಮನೆ. ಒಂದರ ಶ್ರುತಿಯಲ್ಲಿ ಹಾಡಿದವರ ಹಿಂದೆ ಒಂದೂವರೆಯವರನ್ನು ತಂದರೆ, ಅರ್ಧ ಸ್ವರದ ವ್ಯತ್ಯಾಸ ಮೊದಲ ಮುಕ್ಕಾಲು ನಿಮಿಷ ಕಚ್ಚುತ್ತಲೇ ಇರುತ್ತದೆ. ಪ್ರತಿ ಧ್ವನಿಮುದ್ರಣದ ಶ್ರುತಿಯನ್ನು ಕ್ಯೂಶೀಟಿನಲ್ಲಿ (ಪ್ರಸಾರದ ಕ್ರಮಪಟ್ಟಿಯಲ್ಲಿ) ಬರೆದಿಡಿ. ಒಂದರಿಂದ ನಾಲ್ಕಕ್ಕೆ ಅಥವಾ ಐದಕ್ಕೆ ಹೋದರೆ ಹೊಸ ಷಡ್ಜ ಹಳೆಯದರ ಮಧ್ಯಮವೋ ಪಂಚಮವೋ ಆಗಿ ಕೇಳುತ್ತದೆ, ಹಿತವಾಗಿರುತ್ತದೆ. ಗಂಡುಧ್ವನಿ ಒಂದರ ಆಸುಪಾಸಿನಲ್ಲೂ ಹೆಣ್ಣುಧ್ವನಿ ನಾಲ್ಕೂವರೆ, ಐದು, ಐದೂವರೆಯಲ್ಲೂ ಇರುವುದೇ ಹೆಚ್ಚು, ಆದ್ದರಿಂದ ಇಬ್ಬರನ್ನೂ ಬದಲಿಸುತ್ತ ಹೋದರೆ ಅರ್ಧ ಕೆಲಸ ತಾನಾಗಿ ಆಗುತ್ತದೆ. ಅರ್ಧ ಸ್ವರದ ಜಿಗಿತ ತಪ್ಪಿಸಲಾಗದಿದ್ದರೆ ನಡುವೆ 25 ಸೆಕೆಂಡು ಮಾತಾಡಿ. ಆ ಮಾತಿನ ಹಿಂದೆ ತಂಬೂರಿ ಹಾಕಬೇಡಿ.

ಪ್ರಶ್ನೆ: ಆಲಾಪ ನಡೆಯುತ್ತಿರುವಾಗಲೇ ನಮ್ಮ ಯಂತ್ರ ಸಿನಿಮಾ ಹಾಡು ಶುರುಮಾಡಿಬಿಡುತ್ತದೆ! ಇನ್ನೊಂದು ತೊಂದರೆ: ಮೃದಂಗ ಬಾರಿಸಿದಾಗೆಲ್ಲ ತಂಬೂರಿ ಉಸಿರಾಡಿದ ಹಾಗೆ ಏರಿಳಿಯುತ್ತದೆ. (ಬೆಂಗಳೂರು)

ಉತ್ತರ: ಮೊದಲನೆಯದು ನಿಶ್ಶಬ್ದ ಪತ್ತೆಯಂತ್ರದ ಕೆಲಸ. ಪ್ರಸಾರ ನಿಂತಿದೆಯೆಂದು ಭ್ರಮಿಸಿ ಅದು ಬದಲಿ ಹಾಡಿಗೆ ಹೊರಳುತ್ತದೆ. ಅದನ್ನು ಸಿನಿಮಾ ಹಾಡಿನ ಮಟ್ಟಕ್ಕೆ ಕೂರಿಸಿರುತ್ತಾರೆ: ಮೈನಸ್ 40 ಡೆಸಿಬೆಲ್‌ಗಿಂತ ಕೆಳಗೆ 10 ಸೆಕೆಂಡು ಇದ್ದರೆ ಸಾಕು, ಎಚ್ಚರಾಗುತ್ತದೆ. ಗಾಯಕರು ಉಸಿರಿಗೆ ನಿಂತು ಬರೀ ತಂಬೂರಿ ಉಳಿದಾಗ ಮಟ್ಟ ಅಲ್ಲಿಗೇ ಇಳಿಯುತ್ತದೆ. ಈ ಗಂಟೆಗೆ ಮಾತ್ರ ಮೈನಸ್ 50 ಡೆಸಿಬೆಲ್, 30 ಸೆಕೆಂಡಿಗೆ ಬದಲಿಸಿ. ಮೂರಕ್ಕೆ ವಾಪಸು ತರಲು ಮರೆಯಬೇಡಿ. ಮರೆತ ದಿನವೇ ಪ್ರಸಾರ ನಿಜವಾಗಿ ನಿಲ್ಲುತ್ತದೆ.

ಎರಡನೆಯದು ಪ್ರಸಾರದ ಕೊನೆಯಲ್ಲಿ ಕೂತಿರುವ ಕಂಪ್ರೆಸರ್‌ನದು. ಅದು ಸಣ್ಣ ಸದ್ದನ್ನು ಎತ್ತಿ, ದೊಡ್ಡದನ್ನು ಒತ್ತುತ್ತದೆ. ಮೃದಂಗದ ಪ್ರತಿ ಪೆಟ್ಟಿಗೂ ಇಡೀ ಸಂಗೀತ ಕುಗ್ಗಿ, ಪೆಟ್ಟು ಮುಗಿದೊಡನೆ ಉಬ್ಬುತ್ತದೆ. ಒತ್ತುವ ಅನುಪಾತ (ರೇಷಿಯೊ) 2:1ಕ್ಕೆ ಇಳಿಸಿ, ಬಿಡುವ ಅವಧಿಯನ್ನು (ರಿಲೀಸ್) ಒಂದು ಸೆಕೆಂಡಿಗೂ ಹೆಚ್ಚು ಮಾಡಿ. ಬದಲಿಗೆ ಕೆಲಸವನ್ನು ಮೊದಲೇ ಕೈಯಲ್ಲಿ ಮಾಡಿಟ್ಟುಕೊಳ್ಳಿ: ಕಂಪ್ಯೂಟರಿನಲ್ಲಿ ಆಲಾಪದ ಭಾಗವನ್ನಷ್ಟೇ 4ರಿಂದ 6 ಡೆಸಿಬೆಲ್ ಎತ್ತಿ, ಮೃದಂಗ ಬರುವುದಕ್ಕೆ ಮುಂಚಿನ 10 ಸೆಕೆಂಡಿನಲ್ಲಿ ಮೆಲ್ಲಗೆ ಮೊದಲಿನ ಮಟ್ಟಕ್ಕೆ ಇಳಿಸಿ. ಹಾಡುಗಳನ್ನೆಲ್ಲ ಒಂದೇ ಮಟ್ಟಕ್ಕೆ ತರುವಾಗ ಅತಿ ಎತ್ತರದ ಪೆಟ್ಟನ್ನು ಅಳತೆಗೋಲು ಮಾಡಬೇಡಿ, ಒಟ್ಟು ಗಟ್ಟಿತನವನ್ನು ಲಫ್ಸ್ (LUFS, ಕಿವಿಗೆ ಕೇಳುವ ಗಟ್ಟಿತನದ ಅಳತೆ) ಮಾನದಲ್ಲಿ ಅಳೆಯಿರಿ. ಪೆಟ್ಟನ್ನು ನೆಚ್ಚಿದರೆ ವೀಣೆ ಜೋರು, ಮೃದಂಗವಿರುವ ಗಾಯನ ಮೆಲ್ಲಗೆ ಆಗುತ್ತದೆ.

ಇನ್ನೊಂದು ಮಾತು. ಕಡತಗಳನ್ನು 64 ಕಿಲೋಬಿಟ್ ಎಂಪಿ3ಯಲ್ಲಿ ಇಟ್ಟಿದ್ದರೆ ತಂಬೂರಿ ನೀರಿನೊಳಗಿಂದ ಬಂದ ಹಾಗೆ ಗುಳುಗುಳು ಅನ್ನುತ್ತದೆ. ಅದನ್ನು ಯಾವ ಯಂತ್ರವೂ ಸರಿಮಾಡದು. ಮೂಲವನ್ನು ವೇವ್ ಕಡತವಾಗಿಯೇ ಇಟ್ಟುಕೊಳ್ಳಿ.

ಪ್ರಶ್ನೆ: 38 ನಿಮಿಷದ ಕಛೇರಿ ಕೃತಿಯೊಂದಿದೆ. 14 ನಿಮಿಷಕ್ಕೆ ತರಬೇಕು. ಎಲ್ಲಿ ಕತ್ತರಿಸಲಿ? (ಮೈಸೂರು)

ಉತ್ತರ: ಸಾಧ್ಯವಾದರೆ 14 ನಿಮಿಷದ ಬೇರೆ ಧ್ವನಿಮುದ್ರಣ ಹುಡುಕಿ. ಕತ್ತರಿ ಕೊನೆಯ ಉಪಾಯ.

ಕತ್ತರಿಸಲೇಬೇಕಾದರೆ ಮೊದಲು ನಕ್ಷೆ ಬರೆದುಕೊಳ್ಳಿ. ಉದಾಹರಣೆಗೆ ಗಾಯನದ ಆಲಾಪನೆ 9 ನಿಮಿಷ, ಪಿಟೀಲಿನದು 5, ಕೃತಿ 9, ನೆರವಲ್ (ಒಂದೇ ಸಾಲಿನ ವಿಸ್ತಾರ) ಮತ್ತು ಸ್ವರ 8, ತನಿ (ತಾಳವಾದ್ಯಗಳದ್ದೇ ವಾದನ) 7. ಆಲಾಪನೆಯ ನಡುವಿನಿಂದ ಎತ್ತಿಕೊಳ್ಳಬೇಡಿ. ಆಲಾಪನೆ ಕಟ್ಟಡ ಕಟ್ಟಿದ ಹಾಗೆ, ಎರಡನೇ ಅಂತಸ್ತಿನಿಂದ ಶುರುವಾಗದು. ಎರಡು ಆಲಾಪನೆಗಳನ್ನೂ ಪೂರ್ತಿ ಬಿಟ್ಟು ಪಲ್ಲವಿಯಿಂದ ಶುರುಮಾಡಿ. ಕೃತಿ 9 ನಿಮಿಷ, ಸ್ವರದ ಕೊನೆಯ 5 ನಿಮಿಷ, ಅಲ್ಲಿಗೆ 14 ಆಯಿತು.

ತನಿಯನ್ನು ಬಿಡುವ ಜಾಗ ಹುಡುಕುವುದು ಸುಲಭ. ಸ್ವರದ ಕೊನೆಯ ಕೋರ್ವೆ (ಲೆಕ್ಕದ ಮುಕ್ತಾಯ) ಎಡುಪಿಗೆ (ತಾಳದಲ್ಲಿ ಸಾಲು ಶುರುವಾಗುವ ಜಾಗಕ್ಕೆ) ಬಂದು ಬಿದ್ದು, ಗಾಯಕರು ಸಾಲನ್ನು ಎತ್ತಿಕೊಳ್ಳುತ್ತಾರೆ, ಅಲ್ಲಿಂದ ತನಿ. ತನಿಯ ಕೊನೆಯ ಕೋರ್ವೆಯೂ ಅದೇ ಎಡುಪಿಗೆ ಬಂದು, ಅದೇ ಸಾಲು ಮತ್ತೆ ಬರುತ್ತದೆ. ಮೊದಲ ಸಾಲನ್ನು ತೆಗೆದು ಎರಡನೆಯದನ್ನು ಅಲ್ಲಿ ಕೂರಿಸಿ. ಕತ್ತರಿ ಸಾಹಿತ್ಯದ ಮೊದಲ ಅಕ್ಷರಕ್ಕೆ ಕೂದಲೆಳೆ ಮುಂಚೆ ಬೀಳಲಿ, ಬೆಸುಗೆ (ಕ್ರಾಸ್‌ಫೇಡ್) 10ರಿಂದ 20 ಮಿಲಿಸೆಕೆಂಡಿನದಾಗಿರಲಿ. ಆಮೇಲೆ ಕಣ್ಣು ಮುಚ್ಚಿ ಕೈಯಲ್ಲಿ ತಾಳ ಹಾಕುತ್ತ ಕೇಳಿ. ಆದಿತಾಳದ ಎಂಟು ಎಣಿಕೆ ಏಳೂವರೆಯಾಗಿ ಬಂದರೆ ಸಂಜೆಯೊಳಗೆ ಊರಿನ ಮೃದಂಗ ವಿದ್ಯಾರ್ಥಿಗಳೆಲ್ಲ ಫೋನ್ ಮಾಡುತ್ತಾರೆ. ತನಿಯ ನಂತರ ಕಾಲಪ್ರಮಾಣ ತುಸು ಏರಿರುವುದೂ ಉಂಟು. ಏರಿಕೆ ಎದ್ದು ಕೇಳಿದರೆ ಈ ಬೆಸುಗೆ ಕೈಬಿಟ್ಟು, ಸ್ವರದ ಕೋರ್ವೆಯ ನಂತರದ ಸಾಲಿನಲ್ಲೇ 6 ಸೆಕೆಂಡಿನಲ್ಲಿ ಇಳಿಸಿ ಮುಗಿಸಿ.

'ಆಯ್ದ ಭಾಗ' ಎಂದು ಉದ್ಘೋಷಣೆಯಲ್ಲಿ ಹೇಳಿ. ಮೃದಂಗ, ಘಟ, ಖಂಜಿರದವರ ತನಿಯನ್ನೇ ದಿನವೂ ಬಲಿಕೊಡುವುದು ನ್ಯಾಯವಲ್ಲ. ವಾರದಲ್ಲೊಂದು ದಿನ ತನಿ ಆವರ್ತನಕ್ಕೇ 8 ನಿಮಿಷ ಇಡಿ.

ಪ್ರಶ್ನೆ: ಮನೆಯೊಂದರಿಂದ 78ರ ವೇಗದ (ನಿಮಿಷಕ್ಕೆ 78 ಸುತ್ತು) ಗ್ರಾಮಫೋನ್ ತಟ್ಟೆಗಳು ಸಿಕ್ಕಿವೆ. ಪ್ರಸಾರಕ್ಕೆ ಹೇಗೆ ಸಿದ್ಧಪಡಿಸುವುದು? (ಶಿವಮೊಗ್ಗ)

ಉತ್ತರ: ಎಲ್.ಪಿ. ಮುಳ್ಳಿನಿಂದ ನುಡಿಸಬೇಡಿ. 78ರ ತೋಡು ಅಗಲ, ಅದಕ್ಕೆ ಸುಮಾರು 76 ಮೈಕ್ರಾನ್ ತುದಿಯ ಮುಳ್ಳು ಬೇಕು. ಎಲ್.ಪಿ.ಯ ಸಣ್ಣ ಮುಳ್ಳು ತೋಡಿನ ತಳಕ್ಕೆ ಬಿದ್ದು ಅಲ್ಲಿನ ಕಸವನ್ನೇ ಓದುತ್ತದೆ, ನಿಮಗೆ ಕೇಳುವುದು ಬರೀ ಚರಚರ. ಸ್ಪಿರಿಟ್‌ನಿಂದ ಒರೆಸಬೇಡಿ, ತಟ್ಟೆಯ ಅರಗು ಕರಗುತ್ತದೆ. ಮೆತ್ತನೆ ಬ್ರಷ್ಷು, ಬಟ್ಟಿ ಇಳಿಸಿದ ನೀರು ಸಾಕು; ಹೆಸರುಚೀಟಿ ನೆನೆಯದಿರಲಿ.

ದೊಡ್ಡ ತೊಡಕು ವೇಗದ್ದು. ವೇಗ ಶೇ 6ರಷ್ಟು ಹೆಚ್ಚಾದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಏರುತ್ತದೆ. ಹಳೆಯ ತಟ್ಟೆಗಳೆಲ್ಲ ಕರಾರುವಾಕ್ಕಾಗಿ 78ರಲ್ಲಿ ಮುದ್ರಿತವಾದವಲ್ಲ. ಅದೇ ಗಾಯಕರ ಬೇರೆ ಧ್ವನಿಮುದ್ರಣದ ಶ್ರುತಿಯೊಡನೆ ಹೋಲಿಸಿ. ಒಂದೂವರೆಯಲ್ಲಿ ಹಾಡುವವರು ತಟ್ಟೆಯಲ್ಲಿ ಮೂರಕ್ಕೆ ಹೋಗಿ ಕಂಠ ಕೀಚಲಾಗಿ ಕೇಳಿದರೆ ತಪ್ಪು ವೇಗದ್ದೇ. ಟೇಪಿನ ಧ್ವನಿಮುದ್ರಣಕ್ಕೆ ಇನ್ನೊಂದು ಉಪಾಯವಿದೆ. ಮುದ್ರಿಸುವಾಗ ಸೇರಿಕೊಂಡ ವಿದ್ಯುತ್ತಿನ ಗುಂಯ್‌ಕಾರ ನಮ್ಮ ದೇಶದಲ್ಲಿ 50 ಹರ್ಟ್ಸ್. ಪರದೆಯ ಮೇಲೆ ಅದು 52ರಲ್ಲಿ ಕಂಡರೆ ಟೇಪು ಶೇ 4 ವೇಗವಾಗಿ ಓಡಿದೆ ಎಂದರ್ಥ. ನಿಮ್ಮ ಯಂತ್ರದ್ದೇ ಗುಂಯ್‌ಕಾರವಾದರೆ 50ರಲ್ಲೇ ಇರುತ್ತದೆ. ಎರಡನ್ನೂ ಬೇರೆ ಮಾಡಿ ನೋಡಿ.

ಚರಚರವನ್ನು ಪೂರ್ತಿ ತೆಗೆಯಲು ಹೋಗಬೇಡಿ, ಜತೆಗೆ ತಂಬೂರಿಯ ಹೊಳಪೂ ಹೋಗುತ್ತದೆ. ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲಿನ ದಪ್ಪ ನಾದವನ್ನು ದೋಷವೆಂದು ತಿಳಿದು ತೆಳುಮಾಡಬೇಡಿ, ಅದು ಇರುವುದೇ ಹಾಗೆ. ತಟ್ಟೆಯ ಒಂದು ಬದಿ ಸುಮಾರು 3 ನಿಮಿಷ 20 ಸೆಕೆಂಡು. ಒಂದೇ ಕೃತಿ ಎರಡೂ ಬದಿಯಲ್ಲಿದ್ದರೆ ಹೊಲಿಗೆ ಹಾಕಿ ಮುಚ್ಚದೆ ಎರಡು ಸೆಕೆಂಡು ಬಿಡಿ. ಬಹಳ ಹಳೆಯ ತಟ್ಟೆಗಳಲ್ಲಿ ಹಾಡು ಮುಗಿದೊಡನೆ ಹಾಡಿದವರೇ ತಮ್ಮ ಹೆಸರು ಹೇಳುತ್ತಾರೆ. 1902ರಲ್ಲಿ ಹಾಗೆ ಹೆಸರು ಕೂಗಿ ಹೇಳಿದ ಗಾಯಕಿ ಗೌಹರ್ ಜಾನ್ ಕೊನೆಯುಸಿರೆಳೆದದ್ದು 1930ರಲ್ಲಿ, ಮೈಸೂರಿನಲ್ಲಿ. ಆ ಎರಡು ಸೆಕೆಂಡು ಕತ್ತರಿಸಬೇಡಿ.

ಪ್ರಶ್ನೆ: ತ್ಯಾಗರಾಜರ ಕೃತಿಗೆ ಯಾರ ಅನುಮತಿಯೂ ಬೇಡವಲ್ಲವೇ? (ಹಾಸನ)

ಉತ್ತರ: ಕೃತಿಗೆ ಬೇಡ, ಧ್ವನಿಮುದ್ರಣಕ್ಕೆ ಬೇಕು. ಎರಡೂ ಬೇರೆ ಹಕ್ಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ರಚನೆಯ ಹಕ್ಕು ರಚಿಸಿದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರು, ಅವರ ರಚನೆಗಳ ಹಕ್ಕು 2021ರ ಕೊನೆಗೆ ಮುಗಿಯಿತು. ಜಯಚಾಮರಾಜ ಒಡೆಯರು ತೀರಿಕೊಂಡದ್ದು 1974ರಲ್ಲಿ, ಅವರ ಕೃತಿಗಳ ಹಕ್ಕು 2034ರ ಕೊನೆಯವರೆಗೂ ಇದೆ. 1960ರಲ್ಲಿ ಬಿಡುಗಡೆಯಾದ ತಟ್ಟೆ 2020ರ ಕೊನೆಗೆ ಮುಕ್ತ. 1985ರ ಕ್ಯಾಸೆಟ್ಟಿನಲ್ಲಿ ತ್ಯಾಗರಾಜರನ್ನೇ ಹಾಡಿದ್ದರೂ ಪರವಾನಗಿ ಬೇಕು. ಅಂತರ್ಜಾಲದಿಂದ ಇಳಿಸಿಕೊಂಡದ್ದು ಪರವಾನಗಿ ಆಗುವುದಿಲ್ಲ. ಊರಿನ ಕಲಾವಿದರನ್ನು ಕರೆಸಿ ಹಾಡಿಸುವಾಗ ಮರುಪ್ರಸಾರಕ್ಕೆ, ಅಂತರ್ಜಾಲಕ್ಕೆ ಹಾಕುವುದಕ್ಕೆ ಬೇರೆ ಬೇರೆಯಾಗಿ ಬರವಣಿಗೆಯಲ್ಲೇ ಒಪ್ಪಿಗೆ ಪಡೆಯಿರಿ.

ಪ್ರಶ್ನೆ: ಉದ್ಘೋಷಣೆ ಎಷ್ಟು ಉದ್ದ ಇರಬೇಕು? (ಗದಗ)

ಉತ್ತರ: ಮೊದಲು 20 ಸೆಕೆಂಡು: ಕಲಾವಿದರು, ಕೃತಿ, ರಾಗ, ತಾಳ, ರಚನೆ. ಮುಗಿದ ಮೇಲೆ 10 ಸೆಕೆಂಡು, ಅದರಲ್ಲಿ ಪಕ್ಕವಾದ್ಯದವರ ಹೆಸರು ಕಡ್ಡಾಯ. ನಡುವೆ ಬಂದವರಿಗೆ ಈ ಎರಡನೆಯದೇ ಮುಖ್ಯ, ಹಾಡು ಹಿಡಿಸಿದವರು ಹೆಸರಿಗಾಗಿ ಕಾದಿರುತ್ತಾರೆ. 'ಸುಮಧುರ', 'ಗಾನಸುಧೆ' ಬಿಟ್ಟರೆ ಸಮಯ ತಾನಾಗಿ ಉಳಿಯುತ್ತದೆ.

ಪ್ರಶ್ನೆ: ನಿಮ್ಮೂರಿನ ಮಧ್ಯಾಹ್ನ ಎರಡರ ಕಾರ್ಯಕ್ರಮವನ್ನು ಇಲ್ಲಿ ಅಂತರ್ಜಾಲದಲ್ಲಿ ಕೇಳುತ್ತೇವೆ. ಸಾರಂಗ ಬರುವಾಗ ನಮಗಿನ್ನೂ ಕತ್ತಲು. (ನ್ಯೂಯಾರ್ಕ್)

ಉತ್ತರ: ಬೇಸಿಗೆಯಲ್ಲಿ ನಿಮಗದು ಬೆಳಗಿನ ಜಾವ ನಾಲ್ಕೂವರೆ, ಚಳಿಗಾಲದಲ್ಲಿ ಮೂರೂವರೆ. ನಿಲಯ ತನ್ನ ಊರಿನ ಸೂರ್ಯನನ್ನು ನೋಡಿಯೇ ರಾಗ ಹಾಕಬೇಕು. ನೀವು ಅದನ್ನು ಮುದ್ರಿಸಿಕೊಂಡು ನಿಮ್ಮ ಊಟದ ಹೊತ್ತಿಗೆ ಕೇಳಿ.